ಕ್ರೂಸ್ ಹಡಗಿನಲ್ಲಿ ಹೊಟ್ಟೆ ಕೆಡಿಸಿಕೊಳ್ಳದಿರಲು

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಪ್ರವಾಸಿ ಹಡಗುಗಳನ್ನು ದೂರದಿಂದಲೇ ನೋಡುತ್ತಿದ್ದ ನಮ್ಮ ಕರಾವಳಿಯ ಕುಟುಂಬಗಳು ಈಗ ಮುಂಬಯಿಗೋ ಕೊಚ್ಚಿಗೋ ಹೋಗಿ ತಾವೇ ಅಂಥ ಹಡಗು ಹತ್ತುತ್ತಿವೆ. ಹೊರಡುವವರೆಲ್ಲ ಮೊದಲು ಕೇಳುವುದು ಕಡಲ ವಾಕರಿಕೆಯ ವಿಚಾರ. ಹೆಚ್ಚಿನ ಎಚ್ಚರ ಬೇಕಾಗಿರುವುದಾದರೋ ನೊರೊವೈರಸ್ ತರುವ ವಾಂತಿಭೇದಿಯ ಬಗ್ಗೆ. ಸಾವಿರಾರು ಜನ ಒಂದೇ ಊಟದ ಸಾಲಿನಲ್ಲಿ ನಿಂತು, ಅದೇ ಲಿಫ್ಟಿನ ಗುಂಡಿಯನ್ನೂ ಮೆಟ್ಟಿಲ ಕಂಬಿಯನ್ನೂ ಮುಟ್ಟುವ ಜಾಗದಲ್ಲಿ ಅದು ಬೇಗನೆ ಹರಡುತ್ತದೆ.

ಕೋವಿಡ್ ಕಾಲದಿಂದ ನಮಗೆ ಸ್ಯಾನಿಟೈಸರ್ ಮೇಲೆ ಅತಿಯಾದ ನಂಬಿಕೆ ಬಂದಿದೆ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಆಲ್ಕೋಹಾಲು ಅದನ್ನು ಒಡೆಯುತ್ತದೆ. ನೊರೊವೈರಸ್ಸಿಗೆ ಆ ಹೊದಿಕೆಯೇ ಇಲ್ಲದ ಕಾರಣ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ, ಕನಿಷ್ಠ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದರೆ ಅದು ಕೈಯಿಂದ ಜಾರಿ ಹೋಗುತ್ತದೆ.

ಕೈಯಲ್ಲಿ ಕಲಸಿ ಉಣ್ಣುವ ನಮಗೆ ಬಫೆಯಲ್ಲಿ ಇನ್ನೊಂದು ತೊಡಕಿದೆ. ಕೈ ತೊಳೆದು ಬಂದವರು ನೂರಾರು ಜನ ಹಿಡಿದ ಸೌಟನ್ನೇ ಹಿಡಿದು ಬಡಿಸಿಕೊಂಡು, ಅದೇ ಕೈಯನ್ನು ಅನ್ನಕ್ಕೆ ಹಾಕುತ್ತಾರೆ. ಎಂಜಲು ಕೈಯಲ್ಲಿ ಸೌಟು ಮುಟ್ಟಬಾರದೆಂಬ ಮನೆಯ ಕಟ್ಟುಪಾಡು ಪಾತ್ರೆಯನ್ನು ಕಾಪಾಡುತ್ತದೆಯೇ ಹೊರತು, ಸೌಟಿನಿಂದ ನಮ್ಮ ಕೈಯನ್ನಲ್ಲ. ಆದ್ದರಿಂದ ಬಡಿಸಿಕೊಂಡು ತಟ್ಟೆಯನ್ನು ಮೇಜಿನ ಮೇಲಿಟ್ಟು, ಆಮೇಲೆ ಕೈ ತೊಳೆದು ಉಣ್ಣಬೇಕು. ಮತ್ತೆ ಬಡಿಸಿಕೊಳ್ಳಲು ಎದ್ದರೆ ಮತ್ತೆ ತೊಳೆಯಬೇಕು. ಬೇಸರವಾದರೆ ಚಮಚವೇ ವಾಸಿ. ಹಬೆಯಾಡುವ ಬಿಸಿ ಪದಾರ್ಥವನ್ನೇ ಆರಿಸಿಕೊಳ್ಳಿ, ಹಸಿ ಮಳಿಯನ್ನು (ಚಿಪ್ಪುಮೀನನ್ನು) ಬಿಟ್ಟುಬಿಡಿ.

ವಾಕರಿಕೆ ನಿಮಗೆ ಎಷ್ಟು ಕಾಡೀತೆಂದು ಅಂದಾಜಿಸಲು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರಬಹುದು, ದೊಡ್ಡ ಹಡಗು ಅಷ್ಟು ಕುಲುಕುವುದಿಲ್ಲವಾದರೂ. ಕೆಳ ಅಂತಸ್ತಿನ, ಹಡಗಿನ ನಡುಭಾಗದ ಕೋಣೆ ಕಡಿಮೆ ತೂಗುತ್ತದೆ. ತಲೆ ಸುತ್ತಿದಾಗ ಮೊಬೈಲು ಬದಿಗಿಟ್ಟು, ಗಾಳಿಯಾಡುವ ಕಡೆ ನಿಂತು ದಿಗಂತವನ್ನು ನೋಡಬೇಕು. ವಾಕರಿಕೆಯ ಮಾತ್ರೆ ವೈದ್ಯರನ್ನು ಕೇಳಿಯೇ ಇರಲಿ. ಹೆಚ್ಚಿನವು ಮಂಪರು ತರುತ್ತವೆ, ವಾಂತಿ ಆರಂಭವಾದ ಮೇಲೆ ನುಂಗಿ ಪ್ರಯೋಜನವೂ ಕಡಿಮೆ.

ಬಿಪಿ, ಸಕ್ಕರೆ ಕಾಯಿಲೆಯ ಔಷಧಗಳು ಕೈಚೀಲದಲ್ಲೇ ಇರಬೇಕು, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಕೋಣೆಗೆ ತಲುಪುವುದು ಗಂಟೆಗಟ್ಟಲೆ ತಡವಾಗಬಹುದು. ಹಡಗಿನ ವೈದ್ಯರ ಶುಲ್ಕ ದುಬಾರಿಯಾದ್ದರಿಂದ ಸಮುದ್ರಯಾನಕ್ಕೂ ಅನ್ವಯಿಸುವ ಪ್ರವಾಸ ವಿಮೆಯನ್ನು ಮಾಡಿಸಿಕೊಳ್ಳಿ. ಫ್ಲೂ ಲಸಿಕೆ ಹಾಕಿಸಿಕೊಳ್ಳುವುದಿದ್ದರೆ ಹೊರಡುವ 2 ವಾರ ಮೊದಲೇ ಆಗಬೇಕು.

ಮನೆಯಲ್ಲಾದರೆ ಹೊಟ್ಟೆ ಕೆಟ್ಟವರಿಗೆ ಕುಚ್ಚಲಕ್ಕಿ ಗಂಜಿಯ ತಿಳಿ ಸಿದ್ಧವಿರುತ್ತದೆ. ಹಡಗಿನಲ್ಲಿ ಅದನ್ನು ಯಾರಲ್ಲಿ ಕೇಳುವುದು? ನಾಲ್ಕಾರು ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಪೂರ್ತಿ ಪುಡಿಯನ್ನು ಕರಗಿಸಿ, ಗಟಗಟನೆ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು. ಸೋಂಕು ತಗಲಿದ 12ರಿಂದ 48 ಗಂಟೆಗಳಲ್ಲಿ ಲಕ್ಷಣ ಕಾಣಿಸುತ್ತದೆ, 1ರಿಂದ 3 ದಿನಗಳಲ್ಲಿ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಮೂತ್ರ ಕಡಿಮೆಯಾದರೆ, ಜ್ವರ ಏರಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಕೋಣೆಯಲ್ಲೇ ಇರಲು ಹೇಳುತ್ತಾರೆಂಬ ಅಂಜಿಕೆಯಿಂದ ಕಾಯಿಲೆಯನ್ನು ಮುಚ್ಚಿಟ್ಟು ಊಟದ ಸಾಲಿಗೆ ಹೋಗುವುದು ಉಳಿದವರಿಗೆ ಬಗೆಯುವ ದ್ರೋಹ. ವಾಂತಿಭೇದಿ ನಿಂತ ಮೇಲೂ ಹಲವು ದಿನ ವೈರಸ್ ಮಲದಲ್ಲಿ ಹೊರಬರುತ್ತಲೇ ಇರುವುದರಿಂದ, ಊರಿಗೆ ಮರಳಿದವರು ಗುಣವಾಗಿ ಕನಿಷ್ಠ 2 ದಿನ ಕಳೆಯುವ ತನಕ ಅಡುಗೆಮನೆಯ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು.