ನ್ಯೂಜೆರ್ಸಿಗೆ ಹೊಸದಾಗಿ ಬಂದ ಶಿರಸಿ-ಕಾರವಾರ ಕಡೆಯವರಿಗೆ: ಕಾರಿನ ವಿಮೆ, ಪೆಟ್ಟು, ಊರಿನ ಲೆಕ್ಕ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಇಲ್ಲಿಗೆ ಬಂದವರು ಮೊದಲ ತಿಂಗಳು ಕೇಳುವುದು ಕುಚಲಕ್ಕಿ ಎಲ್ಲಿ ಸಿಗುತ್ತದೆ, ಬಾಡಿಗೆ ಎಷ್ಟು ಅಂತ. ಅದನ್ನು ಯಾರಾದರೂ ಹೇಳುತ್ತಾರೆ. ವಿಮೆ, ತೆರಿಗೆಯ ಪ್ರಶ್ನೆ ಬರುವುದು ಏನಾದರೂ ಎಡವಟ್ಟಾದ ಮೇಲೆ. ಆ ಹೊತ್ತಿಗೆ ಟಿಕ್ ಹಾಕುವ ಕಡೆ ಟಿಕ್ ಹಾಕಿ, ಸಹಿ ಮಾಡುವ ಕಡೆ ಸಹಿ ಮಾಡಿ ಆಗಿರುತ್ತದೆ. ಹಾಗಾಗಿ ಮೊದಲೇ ಓದಿಕೊಳ್ಳಿ.

ಕಾರು ಕೊಂಡ ದಿನ ವಿಮೆಯ ಕಂತು ಕಮ್ಮಿ ಮಾಡಲು ಎಲ್ಲರೂ ಹುಡುಕಾಡುತ್ತಾರೆ. ಅಲ್ಲಿ ‘ಲಿಮಿಟೇಷನ್ ಆನ್ ಲಾಸೂಟ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಕಂತು ಇಳಿಯುತ್ತದೆ. ನೀವು ಏನನ್ನೂ ಆರಿಸದೆ ಬಿಟ್ಟರೂ ನ್ಯೂಜೆರ್ಸಿ ಕಾನೂನಿನಲ್ಲಿ ಅದೇ ಲಾಗು. ಇದರ ಪರಿಣಾಮ ನೋಡಿ. ಎದುರಿನವನದೇ ಪೂರ್ತಿ ತಪ್ಪಿದ್ದರೂ, ನೋವು ಅನುಭವಿಸಿದ್ದಕ್ಕೆ ಪರಿಹಾರ ಕೊಡು ಅಂತ ನೀವು ದಾವೆ ಹಾಕುವಂತಿಲ್ಲ. ಸಾವು, ಅಂಗ ಕಳೆದುಕೊಳ್ಳುವುದು, ಎದ್ದು ಕಾಣುವ ಕಲೆ ಅಥವಾ ವಿಕಾರ, ಜಾಗ ತಪ್ಪಿದ ಮೂಳೆ ಮುರಿತ, ಗರ್ಭ ನಷ್ಟ, ಕಾಯಂ ಊನ ಈ ಆರಕ್ಕೆ ಮಾತ್ರ ವಿನಾಯಿತಿ. ಯಲ್ಲಾಪುರ ಕಡೆಯ ಹುಡುಗನೊಬ್ಬ ಕೆಂಪು ದೀಪಕ್ಕೆ ನಿಂತಿದ್ದಾಗ ಹಿಂದಿನಿಂದ ಬಂದವನು ಗುದ್ದಿದ. ತಿಂಗಳುಗಟ್ಟಲೆ ಕುತ್ತಿಗೆ ತಿರುಗಿಸಲಾಗದೆ ಒದ್ದಾಡಿದ, ಕೊನೆಗೆ ವಾಸಿಯಾಯಿತು. ವಾಸಿಯಾಯಿತು ಎಂಬ ಕಾರಣಕ್ಕೇ ಆ ನೋವಿಗೆ ಒಂದು ಡಾಲರೂ ಕೇಳುವ ಹಾಗಿರಲಿಲ್ಲ. ನಿಮ್ಮ ಜೊತೆ ವಾಸಿಸುವ ಹೆಂಡತಿ ಮಕ್ಕಳಿಗೂ ಸಾಮಾನ್ಯವಾಗಿ ಇದೇ ಕಟ್ಟು. ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ಆಗುವವರು ಈ ಮಿತಿಯಿಲ್ಲದ ಆಯ್ಕೆಗೇ ಹೋಗಬೇಕು.

ಆಸ್ಪತ್ರೆ ಖರ್ಚಿನ ಕಥೆ ಬೇರೆ. ಅದನ್ನು ‘ಪಿಐಪಿ’ ಎಂಬ ಭಾಗದಿಂದ ನಿಮ್ಮ ವಿಮಾ ಕಂಪನಿಯೇ ಕೊಡುತ್ತದೆ, ತಪ್ಪು ಯಾರದ್ದೇ ಇರಲಿ. ಮಾಮೂಲು ಮಿತಿ 2,50,000 ಡಾಲರ್. ಕಂತಿನ ಆಸೆಗೆ ಅದನ್ನು 15,000ಕ್ಕೂ ಇಳಿಸಬಹುದು. ದಯವಿಟ್ಟು ಇಳಿಸಬೇಡಿ. ಇನ್ನು, ನೀವು ಬೇರೆಯವರಿಗೆ ಮಾಡಿದ ಪೆಟ್ಟಿಗೆ ಕಾನೂನು ಕೇಳುವ ಕನಿಷ್ಠ ರಕ್ಷಣೆ 2026ರ ಜನವರಿ 1ರಿಂದ ಒಬ್ಬರಿಗೆ 35,000, ಒಂದು ಅಪಘಾತಕ್ಕೆ 70,000 ಡಾಲರ್. ಇಲ್ಲಿನ ಆಸ್ಪತ್ರೆಯಲ್ಲಿ ಅದು ಯಾವ ಮೂಲೆಗೂ ಸಾಲದು, ಉಳಿದದ್ದಕ್ಕೆ ನಿಮ್ಮ ಸಂಬಳ, ಉಳಿತಾಯದ ಮೇಲೆ ಕಣ್ಣು ಬೀಳುತ್ತದೆ. ಎದುರಿನವನ ವಿಮೆ ಸಾಲದಿದ್ದಾಗ ನಿಮ್ಮ ಕಂಪನಿ ತುಂಬಿಕೊಡುವ ಮೊತ್ತವೂ ಬೇರೆಯವರ ಪೆಟ್ಟಿಗೆ ನೀವು ಆರಿಸಿದ ರಕ್ಷಣೆಯ ಮಿತಿಯನ್ನು ಮೀರುವಂತಿಲ್ಲ. ಅಂದರೆ ಇಲ್ಲಿ ಉಳಿಸಿದ ದುಡ್ಡು ಎರಡೂ ಕಡೆಯಿಂದ ಹೊಡೆಯುತ್ತದೆ.

ಊರಲ್ಲಿ ದೇವಿಮನೆ ಘಾಟಿನಲ್ಲಿ ಕಾರಿಗೆ ಕಾರು ತಾಗಿದರೆ ಇಳಿದು, ನಾಲ್ಕು ಮಾತಾಡಿ, ಬಂಪರಿಗೆ ಇಷ್ಟು ಅಂತ ಕೊಟ್ಟು ಹೊರಟುಬಿಡುತ್ತೇವೆ. ಇಲ್ಲಿ ಆ ರಾಜಿ ಬೇಡ. ಯಾರಿಗಾದರೂ ಪೆಟ್ಟಾಗಿದ್ದರೆ, ಅಥವಾ 500 ಡಾಲರ್‌ಗಿಂತ ಹೆಚ್ಚು ಹಾನಿಯಾಗಿದ್ದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈಗಿನ ಕಾರುಗಳಲ್ಲಿ ಬಂಪರ್ ಮುಟ್ಟಿದರೇ ಅಷ್ಟಾಗುತ್ತದೆ. 911ಕ್ಕೆ ಕರೆ ಮಾಡಿ, ಎರಡೂ ನಂಬರ್ ಪ್ಲೇಟು, ರಸ್ತೆ, ಸಿಗ್ನಲ್ ಎಲ್ಲದರ ಫೋಟೋ ತೆಗೆಯಿರಿ. ಪೊಲೀಸ್ ಬಂದು ಹೇಗಿದ್ದೀರಿ ಅಂತ ಕೇಳಿದಾಗ ನಮ್ಮ ಬಾಯಿಗೆ ತಾನಾಗಿ ಬರುವ “ಅಡ್ಡಿಲ್ಲೆ, ಎಂತೂ ಆಗಲ್ಲೆ” ಎನ್ನುವ ಧಾಟಿಯ ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡಬೇಡಿ. ಅದು ವರದಿಯಲ್ಲಿ ಕೂತುಬಿಡುತ್ತದೆ, ಬೆನ್ನು ನೋವು ಶುರುವಾಗುವುದು ಮರುದಿನ. ಇನ್ನೂ ಗೊತ್ತಾಗುತ್ತಿಲ್ಲ, ಡಾಕ್ಟರಿಗೆ ತೋರಿಸುತ್ತೇನೆ ಅಂದರೆ ಸಾಕು.

ಆಮೇಲೆ ಎದುರಿನವನ ವಿಮಾ ಕಂಪನಿಯಿಂದ ಬಹಳ ಸಜ್ಜನಿಕೆಯ ಕರೆ ಬರುತ್ತದೆ, ಹೇಳಿಕೆ ರೆಕಾರ್ಡ್ ಮಾಡಿಕೊಳ್ಳಲಾ ಅಂತ. ನಿಮ್ಮ ಕಂಪನಿಗೆ ವಿವರ ಕೊಡಲೇಬೇಕು, ಅವರಿಗೆ ಕೊಡಬೇಕೆಂದಿಲ್ಲ. ಬೇಗ ಚೆಕ್ ಕಳಿಸುತ್ತೇವೆ, ಈ ಕಾಗದಕ್ಕೆ ಒಂದು ಸಹಿ ಹಾಕಿ ಅಂದರೆ ಆ ಕಾಗದದ ಅರ್ಥ ಮುಂದೆ ಏನೂ ಕೇಳುವುದಿಲ್ಲ ಅಂತ.

ವಕೀಲರೆಂದರೆ ಹೆದರುವುದು ಬೇಡ. ಪೆಟ್ಟಿನ ಪ್ರಕರಣದಲ್ಲಿ ಮೊದಲು ದುಡ್ಡು ಕೇಳುವುದಿಲ್ಲ. ಗೆದ್ದರೆ ಮಾತ್ರ ಪಾಲು, ಅದೂ ನ್ಯೂಜೆರ್ಸಿ ನಿಯಮದಂತೆ ಮೊದಲ 7,50,000 ಡಾಲರ್‌ವರೆಗೆ ಮೂರನೇ ಒಂದು ಭಾಗ ಮೀರುವಂತಿಲ್ಲ. ಸೋತರೆ ಕೋರ್ಟು ಖರ್ಚು, ತಜ್ಞರ ಫೀಸು ಯಾರ ತಲೆಗೆ ಎಂಬುದನ್ನು ಮಾತ್ರ ಸಹಿಗೆ ಮುಂಚೆ ಕೇಳಿಕೊಳ್ಳಿ. ದಾವೆಗೆ ಎರಡು ವರ್ಷ ಅವಧಿ. ಗುದ್ದಿದ್ದು ಊರಾಡಳಿತದ ಲಾರಿಯೋ ಸರ್ಕಾರಿ ಬಸ್ಸೋ ಆಗಿದ್ದರೆ 90 ದಿನದೊಳಗೆ ನೋಟಿಸು ಹೋಗಬೇಕು, ಇದನ್ನು ತಪ್ಪಿಸಿಕೊಂಡವರೇ ಹೆಚ್ಚು. ದೈಹಿಕ ಪೆಟ್ಟಿಗೆ ಸಿಕ್ಕ ಪರಿಹಾರಕ್ಕೆ ಫೆಡರಲ್ ಆದಾಯ ತೆರಿಗೆಯಿಲ್ಲ. ಅದರ ಜೊತೆ ಬಡ್ಡಿಯೋ ದಂಡರೂಪದ ಪರಿಹಾರವೋ ಬಂದರೆ ಅದಕ್ಕಿದೆ.

ಆಯಿ, ಅಪ್ಪಯ್ಯ ಬರುವಾಗ ತೆಗೆದುಕೊಳ್ಳುವ ವಿಸಿಟರ್ ವಿಮೆಯನ್ನು ಆರೋಗ್ಯ ವಿಮೆ ಎಂದುಕೊಳ್ಳಬೇಡಿ. ಅಗ್ಗದ್ದು ಒಂದೊಂದು ಚಿಕಿತ್ಸೆಗೆ ಇಷ್ಟೇ ಅಂತ ಮಿತಿ ಹಾಕಿರುತ್ತದೆ, ಹಳೇ ಸಕ್ಕರೆ ಕಾಯಿಲೆಯ ಮಾಮೂಲು ಚಿಕಿತ್ಸೆಗೆ ಯಾವುದೂ ಕೊಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಜನವರಿಯಲ್ಲಿ ಕರೆಸಬೇಡಿ. ಕುಮಟೆಯ ಸೆಕೆಯಲ್ಲಿ ಬೆಳೆದ ಕಾಲಿಗೆ ಮೆಟ್ಟಿಲ ಮೇಲಿನ ಹಿಮಗಡ್ಡೆ ಗೊತ್ತಾಗುವುದಿಲ್ಲ. ಅಪಾರ್ಟ್‌ಮೆಂಟಿನ ದಾರಿಯಲ್ಲೇ ಜಾರಿ ಬಿದ್ದರೆ, ಕರಗುವ ಮೊದಲು ಫೋಟೋ ತೆಗೆದು ಅವತ್ತೇ ಆಡಳಿತದವರಿಗೆ ಈಮೇಲ್ ಹಾಕಿ.

ಇನ್ನು ತೆರಿಗೆ. ವಿದ್ಯಾರ್ಥಿ ವೀಸಾದವರಿಗೆ ಮೊದಲ ಐದು ವರ್ಷ ಲೆಕ್ಕ ಬೇರೆ, ಅವರಿದನ್ನು ಬಿಡಬಹುದು. ಕೆಲಸದ ವೀಸಾದಲ್ಲಿದ್ದು ಇಲ್ಲಿನ ತೆರಿಗೆ ನಿವಾಸಿಯಾದವರು ಜಗತ್ತಿನ ಎಲ್ಲ ಆದಾಯವನ್ನೂ ಇಲ್ಲಿ ತೋರಿಸಬೇಕು. ನಮ್ಮ ಜಿಲ್ಲೆಯವರು ಎಡವುವುದು ಇಲ್ಲೇ. ತೋಟ ಅಪ್ಪಯ್ಯನ ಹೆಸರಲ್ಲಿದ್ದು ಅಡಿಕೆ ದುಡ್ಡೂ ಅವರದೇ ಆದರೆ ನಿಮಗೆ ಸಂಬಂಧವಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರಿದ್ದು, ಶಿರಸಿಯ ಅಡಿಕೆ ಸಹಕಾರಿ ಸಂಘ ಟಿಎಸ್‌ಎಸ್‌ನಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ವಿಕ್ರಿಯಾಗಿ ನಿಮ್ಮ ಪಾಲು ನಿಮ್ಮ ಖಾತೆಗೆ ಬಿದ್ದರೆ, ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಇಲ್ಲಿ ಇದೆ. ಅಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಇಲ್ಲಿನ ತೆರಿಗೆಯಲ್ಲಿ ಕಳೆಯಲು ಏನೂ ಇರುವುದಿಲ್ಲ. ಕೊನೆ (ಅಡಿಕೆ ಗೊನೆ) ಕೊಯ್ಲಿನ ಕೂಲಿ, ಗೊಬ್ಬರ, ಮೈಲುತುತ್ತದ ಖರ್ಚು ಕಳೆಯಬಹುದು, ಚೀಟಿ ಇಟ್ಟಿದ್ದರೆ. ಲೆಕ್ಕ ಏಪ್ರಿಲ್‌ನಿಂದಲ್ಲ, ಜನವರಿಯಿಂದ ಡಿಸೆಂಬರ್‌ಗೆ.

ತೆರಿಗೆಯೇ ಇಲ್ಲದ, ಬರೀ ತಿಳಿಸಬೇಕಾದ ಲೆಕ್ಕ ಎಫ್‌ಬಿಎಆರ್, ಅಂದರೆ ಹೊರದೇಶದ ಖಾತೆಗಳ ವರದಿ. ಊರಿನ ಎಲ್ಲ ಖಾತೆ ಸೇರಿ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಸಲ್ಲಿಸಬೇಕು. ಆಯಿಯ ಖಾತೆಗೆ ಜಂಟಿಯಾಗಿ ನಿಮ್ಮ ಹೆಸರು ಸೇರಿಸಿದ್ದರೆ ಅದೂ ನಿಮ್ಮದೇ ಲೆಕ್ಕ, ಒಂದು ಪೈಸೆ ನಿಮ್ಮದಲ್ಲದಿದ್ದರೂ. ಅಂಕೋಲಾ, ಕಾರವಾರದ ಮನೆಗಳಲ್ಲಿ ಸೀಬರ್ಡ್ ಪರಿಹಾರವೋ ಹೆದ್ದಾರಿ 66ರ ಜಾಗದ ಹಣವೋ ಮಕ್ಕಳ ಹೆಸರು ಸೇರಿಸಿ ಠೇವಣಿ ಇಟ್ಟದ್ದು ಎಷ್ಟಿಲ್ಲ! ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯವೂ ಸೇರುತ್ತದೆ. ಗಡುವು ಏಪ್ರಿಲ್ 15, ಕೇಳದೆಯೇ ಅಕ್ಟೋಬರ್ 15ರವರೆಗೆ ಮುಂದೆ ಹೋಗುತ್ತದೆ. ತಿಳಿಯದೆ ಬಿಟ್ಟದ್ದಕ್ಕೂ ದಂಡವಿದೆ; ಆ ದಂಡ ಖಾತೆಗೊಂದರಂತೆ ಅಲ್ಲ, ವರ್ಷದ ವರದಿಗೊಂದರಂತೆ ಎಂದು 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದಿನ ವರ್ಷಗಳದ್ದು ಬಿಟ್ಟುಹೋಗಿದ್ದರೆ ಐಆರ್‌ಎಸ್ (ಇಲ್ಲಿನ ತೆರಿಗೆ ಇಲಾಖೆ) ಪತ್ರ ಬರುವ ಮೊದಲೇ ತಿಳಿದ ಸಿಪಿಎಯನ್ನು (ಲೆಕ್ಕ ಪರಿಶೋಧಕರನ್ನು) ನೋಡಿ. ಊರಿನ ಮ್ಯೂಚುವಲ್ ಫಂಡ್ ಎಸ್‌ಐಪಿ ಇದ್ದರೆ ಅದನ್ನೂ ಅವರ ಮುಂದೆ ತೆಗೆಯಿರಿ. ಅದರ 8621 ನಮೂನೆ ನೀವೇ ತುಂಬುವಂಥದ್ದಲ್ಲ.

ಊರಲ್ಲಿರುವ ಅಪ್ಪ ಅಮ್ಮನನ್ನು ಅವಲಂಬಿತರೆಂದು ತೋರಿಸಬಹುದೇ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ, ತಿಂಗಳಿಗೆ ಎಷ್ಟು ಕಳಿಸಿದರೂ. ಅವರು ನಿಮಗೆ ವರ್ಷದಲ್ಲಿ 1,00,000 ಡಾಲರ್ ಮೀರಿ ಕೊಟ್ಟರೆ ಅಥವಾ ಬಿಟ್ಟುಹೋದರೆ ತೆರಿಗೆ ಇಲ್ಲ, ಆದರೆ 3520 ನಮೂನೆ ಸಲ್ಲಿಸಬೇಕು. ತಪ್ಪಿದರೆ ದಂಡ ಮೊತ್ತದ ಶೇಕಡ 25ರವರೆಗೆ ಹೋಗುತ್ತದೆ.

ಪಿತ್ರಾರ್ಜಿತ ಜಾಗ ಮಾರುವವರು ಇಷ್ಟು ಮಾಡಿ. ಹಳ್ಳಿಯ ಕೃಷಿ ಭೂಮಿ ಮಾರಿದರೆ ಭಾರತದಲ್ಲಿ ಬಂಡವಾಳ ಲಾಭದ ತೆರಿಗೆ ಬೀಳದಿರಬಹುದು, ಇಲ್ಲಿ ಬೀಳುತ್ತದೆ. ಆದರೆ ಲಾಭ ಎಣಿಸುವುದು ಅಜ್ಜ ಕೊಂಡ ಬೆಲೆಯಿಂದಲ್ಲ, ಜಾಗ ನಿಮಗೆ ಬಿಟ್ಟುಹೋದವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯಿಂದ. ವರ್ಷದ ಕಾರ್ಯ ಮುಗಿಸಿ ಹೊರಡುವ ಮುಂಚೆ ಶಿರಸಿಯಲ್ಲೋ ಕಾರವಾರದಲ್ಲೋ ನೋಂದಾಯಿತ ಮೌಲ್ಯಮಾಪಕರಿಂದ ಆ ದಿನದ ಬೆಲೆಯ ಪ್ರಮಾಣಪತ್ರ ಮಾಡಿಸಿ ತನ್ನಿ. ಹತ್ತು ವರ್ಷ ಬಿಟ್ಟು ಮಾರುವಾಗ ಮಾಡಿಸಹೊರಟರೆ ಅಂದಿನ ಬೆಲೆಗೆ ಪುರಾವೆ ಹುಡುಕುವುದೇ ಕಷ್ಟ.