ಕ್ರೆಡಿಟ್ ಕಮ್ಮಿ ಇದ್ದಾಗ ಯಾವ ಗನ್ ಕೊಳ್ಳಬೇಕು?

ಹಾಸನದ ಕಾಲೇಜು ಹುಡುಗರು ಸಂಜೆ ವ್ಯಾಲೊರಂಟ್ (ಐವರ ಎರಡು ತಂಡಗಳು ಗನ್ ಹಿಡಿದು ಕಾದಾಡುವ ಆನ್‌ಲೈನ್ ಆಟ) ಆಡಲು ಕೂತರೆ ಹೆಡ್‌ಫೋನಿನಲ್ಲಿ ಪದೇ ಪದೇ ಕೇಳುವ ಮಾತು ಒಂದೇ: ‘ಮಗಾ, ಒಂದು ಗನ್ ಡ್ರಾಪ್ ಮಾಡೋ.’ ಅಂದರೆ, ನನಗೂ ಒಂದು ಕೊಂಡು ಕೊಡು. ಒಬ್ಬನ ಕೈಯಲ್ಲಿ ದುಬಾರಿ ವ್ಯಾಂಡಲ್ ರೈಫಲ್, ಇಬ್ಬರ ಕೈಯಲ್ಲಿ ಪಿಸ್ತೂಲು, ಮಿಕ್ಕವರ ಮೈಮೇಲೆ ಪೆಟ್ಟು ತಡೆಯುವ ಶೀಲ್ಡೂ ಇಲ್ಲ. ಗುರಿ ಎಷ್ಟೇ ಚೆನ್ನಾಗಿದ್ದರೂ ಇಂಥ ತಂಡ ಸೋಲುತ್ತದೆ. ಒಂದೇ ರೂಮಿನಲ್ಲಿರುವ ಐವರು ಬಾಡಿಗೆ ದುಡ್ಡು ಒಟ್ಟುಗೂಡಿಸುವ ಹಾಗೆ, ಇಲ್ಲಿಯೂ ಐವರು ಒಟ್ಟಿಗೇ ಉಳಿಸಿ ಒಟ್ಟಿಗೇ ಖರ್ಚು ಮಾಡಬೇಕು.

ಮೊದಲು ಆದಾಯ ತಿಳಿದುಕೊಳ್ಳಿ. ಆರಂಭದಲ್ಲಿ ಪ್ರತಿಯೊಬ್ಬರಿಗೂ 800 ಕ್ರೆಡಿಟ್, ಅಂದರೆ ಆಟದೊಳಗಿನ ಹಣ. ರೌಂಡ್ ಗೆದ್ದರೆ 3000. ಸೋತರೆ 1900, ಸತತ ಎರಡನೇ ಸೋಲಿಗೆ 2400, ಮೂರನೆಯದರಿಂದ 2900. ಒಬ್ಬ ಎದುರಾಳಿಯನ್ನು ಹೊಡೆದುರುಳಿಸಿದರೆ 200. ಸ್ಪೈಕ್ (ದಾಳಿಕಾರರು ನೆಟ್ಟು ಸಿಡಿಸುವ ಬಾಂಬು) ನೆಟ್ಟರೆ ದಾಳಿ ಮಾಡುವ ತಂಡದ ಪ್ರತಿಯೊಬ್ಬರಿಗೂ 300; ಆದ್ದರಿಂದ ಸೋಲುವುದು ಖಚಿತ ಅನ್ನಿಸಿದರೂ ಸ್ಪೈಕ್ ನೆಟ್ಟೇ ಸಾಯಿರಿ. ಎಷ್ಟೇ ಕೂಡಿಟ್ಟರೂ 9000 ದಾಟುವುದಿಲ್ಲ.

ಇನ್ನು ಖರ್ಚು. ವ್ಯಾಂಡಲ್ ಅಥವಾ ಫ್ಯಾಂಟಮ್ 2900, ಹೆವಿ ಶೀಲ್ಡ್ 1000. ಎರಡೂ ಸೇರಿ 3900, ಅಬಿಲಿಟಿಗಳು (ಪಾತ್ರದ ವಿಶೇಷ ಶಕ್ತಿಗಳು) ಬೇರೆ. ಇದನ್ನೇ ಫುಲ್ ಬೈ ಅನ್ನುವುದು. ಈ 3900 ತಲೆಯಲ್ಲಿರಲಿ, ಮುಂದಿನ ಲೆಕ್ಕವೆಲ್ಲ ಇದರ ಸುತ್ತಲೇ.

ಪಿಸ್ತೂಲ್ ರೌಂಡಿನಲ್ಲಿ, ಅಂದರೆ 800 ಮಾತ್ರ ಇರುವ ಮೊದಲ ರೌಂಡಿನಲ್ಲಿ, 500ಕ್ಕೆ ಘೋಸ್ಟ್ ಪಿಸ್ತೂಲು ಕೊಂಡು ಉಳಿದ 300 ಅಬಿಲಿಟಿಗೆ ಹಾಕುವುದು ಒಳ್ಳೆಯದು. ಶೀಲ್ಡ್ ಇಲ್ಲದವನ ತಲೆಗೆ 30 ಮೀಟರ್ ಒಳಗಿನಿಂದ ಘೋಸ್ಟಿನ ಒಂದೇ ಗುಂಡು ಸಾಕು. ಎದುರಾಳಿಗೆ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ಆಡುವವರಾದರೆ ಪುಕ್ಕಟೆ ಸಿಗುವ ಕ್ಲಾಸಿಕ್ ಇಟ್ಟುಕೊಂಡು 400ರ ಲೈಟ್ ಶೀಲ್ಡ್ ಹಾಕಿಕೊಳ್ಳಿ.

ಪಿಸ್ತೂಲ್ ರೌಂಡ್ ಸೋತಿರಿ ಅನ್ನಿ. ಹೆಚ್ಚಿನ ತಂಡಗಳು ಎಡವುವುದು ಇಲ್ಲಿಯೇ, ಸ್ವಲ್ಪ ನಿಧಾನವಾಗಿ ಓದಿ. ಕೈಯಲ್ಲಿ 1900 ಇದೆ. ರೋಷಕ್ಕೆ ಬಿದ್ದು ಅಷ್ಟನ್ನೂ ಸುರಿದು ಮತ್ತೆ ಸೋತರೆ ಮೂರನೇ ರೌಂಡಿಗೆ ಬರುವುದು 2400. ಒಂದು ವ್ಯಾಂಡಲ್ಲೂ ಬರುವುದಿಲ್ಲ. ಏನೂ ಕೊಳ್ಳದೆ ಸೋತರೆ 4300 ಸೇರುತ್ತದೆ. ಫುಲ್ ಬೈ ಆಗಿ ಅಬಿಲಿಟಿಗೂ 400 ಉಳಿಯುತ್ತದೆ. ನಡುದಾರಿಯೂ ಒಂದಿದೆ. 500ರ ಘೋಸ್ಟ್ ಕೊಂಡು ಸೋತರೆ 3800 ಆಗುತ್ತದೆ. ಆಗ ಹೆವಿ ಬದಲು ಲೈಟ್ ಶೀಲ್ಡ್ ಹಾಕಿದರೆ ಫ್ಯಾಂಟಮ್ಮೂ ಬರುತ್ತದೆ, ಅಬಿಲಿಟಿಗೆ 500 ಸಿಗುತ್ತದೆ. ನನಗೆ ಈ ದಾರಿಯೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಎರಡನೇ ರೌಂಡಿನಲ್ಲೂ ಒಂದಿಬ್ಬರನ್ನು ಹೊಡೆಯುವ ಆಸೆ ಉಳಿಯುತ್ತದೆ. ಕೊಳ್ಳುವ ಪರದೆಯಲ್ಲಿ, ಸೋತರೆ ಮುಂದಿನ ರೌಂಡಿಗೆ ಕನಿಷ್ಠ ಎಷ್ಟು ಇರುತ್ತದೆ ಎಂದು ಆಟವೇ ತೋರಿಸುತ್ತದೆ. ಆ ಅಂಕಿ 3900ಕ್ಕಿಂತ (ಲೈಟ್ ಶೀಲ್ಡ್ ಸಾಕೆನ್ನುವವರಿಗೆ 3300ಕ್ಕಿಂತ) ಕೆಳಗಿಳಿಯುವಂತಿದ್ದರೆ ಕೈ ಹಿಂದೆಗೆಯಿರಿ.

ಉಳಿಸುವ ರೌಂಡಿನ ರಾಜ ಶೆರಿಫ್ ಪಿಸ್ತೂಲು. ಬೆಲೆ 800. ಪೂರ್ತಿ ಶೀಲ್ಡ್ ಹಾಕಿದವನ ಒಟ್ಟು ತಾಳಿಕೆ 150. 30 ಮೀಟರ್ ಒಳಗೆ ತಲೆಗೆ ಬಿದ್ದ ಶೆರಿಫ್ ಗುಂಡಿನ ಪೆಟ್ಟು 159. ಅಂದರೆ 3900 ಸುರಿದು ಬಂದವನನ್ನು 800ರ ಗನ್ ಒಂದೇ ಏಟಿಗೆ ಮಲಗಿಸುತ್ತದೆ, ಅವನ ವ್ಯಾಂಡಲ್ ನಿಮ್ಮದಾಗುತ್ತದೆ. ಉದ್ದ ದಾರಿ ಕಾಯುವವರಿಗೆ 950ರ ಮಾರ್ಷಲ್ ಇದೆ. ತಲೆಗೆ ತಾಗಿದರೆ ಯಾವ ಶೀಲ್ಡೂ ತಡೆಯುವುದಿಲ್ಲ. ಇಕ್ಕಟ್ಟಾದ ಮೂಲೆಯಲ್ಲಿ ನಿಲ್ಲುವವರಿಗೆ 1600ರ ಸ್ಪೆಕ್ಟರ್ ಚೆನ್ನ, ಆದರೆ ದೂರದ ಗುರಿಗೆ ಅದನ್ನು ನಂಬಬೇಡಿ. 2050ರ ಬುಲ್‌ಡಾಗ್ ಮತ್ತು 2250ರ ಗಾರ್ಡಿಯನ್ ನಡುವೆ ಗುರಿ ಗಟ್ಟಿಯಿದ್ದವರು ಗಾರ್ಡಿಯನ್ ಹಿಡಿಯಲಿ. ಎಲ್ಲ ಗನ್‌ಗಳನ್ನೂ ಪ್ರಾಕ್ಟೀಸ್ ರೇಂಜಿನಲ್ಲಿ ಪುಕ್ಕಟೆ ಹೊಡೆದು ನೋಡಬಹುದು. ಅಪ್‌ಡೇಟ್ ಬಂದಾಗ ಬೆಲೆ ಬದಲಾಗುವುದುಂಟು, ಒಮ್ಮೆ ಕಣ್ಣಾಡಿಸಿ.

ರೌಂಡ್ ಕೈತಪ್ಪಿದಾಗ ಬಚ್ಚಿಟ್ಟುಕೊಂಡು ಗನ್ ಉಳಿಸಬೇಕೇ? ಸ್ಪೈಕ್ ಸಿಡಿದ ಮೇಲೂ ಬದುಕುಳಿದ ರಕ್ಷಕನಿಗೂ, ಸ್ಪೈಕ್ ನೆಡದೆ ಬದುಕುಳಿದ ದಾಳಿಕಾರನಿಗೂ ಸೋಲಿನ ಹಣ ಸಿಗುವುದು 1000 ಮಾತ್ರ. ಮೂರನೇ ಸೋಲಾದರೆ ಬದುಕುಳಿದದ್ದಕ್ಕೆ ತೆರುವ ಬೆಲೆ 1900. ಕೈಯಲ್ಲಿರುವುದು 1600ರ ಸ್ಪೆಕ್ಟರ್ ಆದರೆ ನುಗ್ಗಿ ಆಡಿ. ವ್ಯಾಂಡಲ್ ಇದ್ದರೆ ಖಂಡಿತ ಉಳಿಸಿ.

ತಂಡದಲ್ಲಿ ಒಬ್ಬರು ಲೆಕ್ಕ ಹೇಳಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಗೆಳೆಯರೂ ಸೇರಿ ಆಡುವುದಿದ್ದರೆ, ಮಳೆಗಾಲದಲ್ಲಿ ಕರೆಂಟು, ನೆಟ್ಟು ಸ್ಥಿರವಾಗಿರುವ ಮನೆಯವರಿಗೇ ಈ ಕೆಲಸ ಕೊಡಿ. ‘ಸೇವ್ ಮಾಡ್ರೋ’ ಅಂದರೆ ಎಲ್ಲರೂ ಸೇವ್, ಮರುಮಾತಿಲ್ಲ. 7000 ಇರುವವರು ತಮ್ಮದೂ ಕೊಂಡು, ಇಲ್ಲದವರಿಗೂ ಒಂದು ವ್ಯಾಂಡಲ್ ಕೊಡಿಸಬಹುದು. ಕೊಂಡ ಗನ್ ಬೇಡವೆನಿಸಿದರೆ ಬೈ ಫೇಸ್ (ರೌಂಡಿಗೆ ಮೊದಲು ಕೊಳ್ಳುವ ಸಮಯ) ಮುಗಿಯುವ ಮೊದಲೇ ಮಾರಿ, ಪೂರ್ತಿ ಹಣ ವಾಪಸು.

ಸ್ಕಿನ್ (ಗನ್ನಿನ ಬಣ್ಣ, ಅಲಂಕಾರ) ಬಗ್ಗೆ ಪೋಷಕರಿಗೂ ಒಂದು ಮಾತು. ನಿಜವಾದ ರೂಪಾಯಿ ಕೊಟ್ಟು ಕೊಳ್ಳುವ ಸ್ಕಿನ್ನಿನಿಂದ ಗುಂಡಿನ ಪೆಟ್ಟು ಚೂರೂ ಹೆಚ್ಚುವುದಿಲ್ಲ. ಈ ಲೇಖನದ ಯಾವ ಗನ್, ಶೀಲ್ಡಿಗೂ ಮನೆಯ ದುಡ್ಡು ಬೇಕಿಲ್ಲ.

ಉಳಿಸಲೇಬಾರದ ರೌಂಡೂ ಇದೆ: 12ನೆಯದು. ಅಲ್ಲಿಗೆ ತಂಡಗಳು ಬದಿ ಬದಲಿಸುತ್ತವೆ, 13ನೇ ರೌಂಡಿಗೆ ಎಲ್ಲರೂ ಮತ್ತೆ 800ಕ್ಕೆ ಬರುತ್ತಾರೆ. ಎದುರಾಳಿ 12 ರೌಂಡ್ ಗೆದ್ದು, ಪಂದ್ಯ ಗೆಲ್ಲಲು ಅವರಿಗೆ ಒಂದೇ ರೌಂಡ್ ಬಾಕಿಯಿದ್ದಾಗಲೂ ಅಷ್ಟೆ; ಇದ್ದಬದ್ದದ್ದನ್ನೆಲ್ಲ ಹಾಕಿ, ಶೀಲ್ಡು, ಅಬಿಲಿಟಿ ಒಂದೂ ಬಿಡದೆ ಕೊಳ್ಳಿ.