ಮೂಡಿಗೆರೆಯ ತೋಟ, ಟೆಕ್ಸಾಸಿನ ರಿಟರ್ನು

ಅಮೆರಿಕದಲ್ಲಿ ಮೊದಲ ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನನ್ನು ಫಾರ್ಮಿನಿಂದ ಶುರು ಮಾಡಬಾರದು, ಕ್ಯಾಲೆಂಡರಿನಿಂದ ಶುರು ಮಾಡಬೇಕು. ಯಾವ ಫಾರ್ಮು ತುಂಬಬೇಕು, ಊರಿನ ಯಾವ ಹಣ ಲೆಕ್ಕಕ್ಕೆ ಬರುತ್ತದೆ, ಹೆಂಡತಿಯನ್ನು ಸೇರಿಸಬಹುದೇ ಎಂಬುದೆಲ್ಲ ಆ ವರ್ಷ ಎಷ್ಟು ದಿನ ಅಲ್ಲಿದ್ದೆವು ಎಂಬುದರ ಮೇಲೆ ನಿಂತಿದೆ. ನಾನು ನನ್ನ 2024ರ ರಿಟರ್ನನ್ನು ಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾ, 2024ರ ಜುಲೈ 10ಕ್ಕೆ ಟೆಕ್ಸಾಸಿಗೆ ಬಂದದ್ದು, ಹೆಂಡತಿ ಅವಲಂಬಿತರ ವೀಸಾ ಎಚ್-4ರಲ್ಲಿ ಅದೇ ವಿಮಾನದಲ್ಲಿ, ಮೂಡಿಗೆರೆ ತಾಲ್ಲೂಕಿನಲ್ಲಿ ನನ್ನ ಪಾಲಿಗೆ ಬಂದ ರೊಬಸ್ಟಾ ಕಾಫಿ ತೋಟ. ಲೆಕ್ಕ ಸುಲಭವಾಗಲಿ ಎಂದು ಮೊತ್ತಗಳನ್ನು ದುಂಡು ಮಾಡಿದ್ದೇನೆ.

ದಿನ ಎಣಿಸುವ ನಿಯಮ ಹೀಗಿದೆ. ಈ ವರ್ಷ ಕನಿಷ್ಠ 31 ದಿನ ಇರಬೇಕು. ಜೊತೆಗೆ ಈ ವರ್ಷದ ಎಲ್ಲ ದಿನ, ಹೋದ ವರ್ಷದ ದಿನಗಳ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರ ಆರನೇ ಒಂದು ಪಾಲು ಸೇರಿ 183 ಆಗಬೇಕು. ಹಾಗಾದರೆ ತೆರಿಗೆಯ ಮಟ್ಟಿಗೆ ನಾವು ರೆಸಿಡೆಂಟ್. ಬಂದ ದಿನ, ಹೊರಟ ದಿನ ಎರಡೂ ಪೂರ್ತಿ ದಿನಗಳೇ. ಮೊದಲ ಸಲ ಬಂದವರಿಗೆ ಗೆರೆ ಜುಲೈ 2. ಅವತ್ತು ಇಳಿದು ಡಿಸೆಂಬರ್ 31ರವರೆಗೆ ಕದಲದೆ ಇದ್ದರೆ ಸರಿಯಾಗಿ 183. ಜುಲೈ 3ಕ್ಕೆ ಬಂದರೆ 182, ಅಂದರೆ ಆ ವರ್ಷ ನಾನ್‌ರೆಸಿಡೆಂಟ್. ನನ್ನದು 175. ಅಮೆರಿಕ ಪ್ರವೇಶದ ದಾಖಲೆಯಾದ ಐ-94ರ ವೆಬ್‌ಸೈಟಿನಲ್ಲಿ ಓಡಾಟದ ಪಟ್ಟಿ ಸಿಗುತ್ತದೆ, ಆದರೂ ಪಾಸ್‌ಪೋರ್ಟಿನ ಮುದ್ರೆಯ ಜೊತೆ ತಾಳೆ ನೋಡಬೇಕು.

ಎಫ್-1ರಲ್ಲಿ ಓದಲು ಬಂದ ಮಕ್ಕಳಿಗೆ ಈ ಎಣಿಕೆಯೇ ಬೇರೆ. ಐದು ಕ್ಯಾಲೆಂಡರ್ ವರ್ಷ ಅವರ ದಿನಗಳು ಲೆಕ್ಕಕ್ಕಿಲ್ಲ, ಡಿಸೆಂಬರಿನಲ್ಲಿ ಬಂದರೂ ಆ ವರ್ಷ ಒಂದು ಪೂರ್ತಿ ವರ್ಷ. ಅವರು ನಾನ್‌ರೆಸಿಡೆಂಟರ ರಿಟರ್ನ್ ಫಾರ್ಮಾದ 1040-ಎನ್‌ಆರ್ ಜೊತೆ, ದಿನಗಳು ಲೆಕ್ಕಕ್ಕಿಲ್ಲ ಎಂದು ತಿಳಿಸುವ ಫಾರ್ಮ್ 8843 ಕೊಡಬೇಕು, ಸಂಪಾದನೆ ಇಲ್ಲದವರೂ 8843 ಒಂದನ್ನಾದರೂ ಕಳಿಸಬೇಕು. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ನೇರವಾಗಿ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ, ಉಳಿದ ನಾನ್‌ರೆಸಿಡೆಂಟರಿಗೆ ಸಿಗುವುದಿಲ್ಲ. ಸಾಮಾನ್ಯ ಸಾಫ್ಟ್‌ವೇರಿನಲ್ಲಿ ತಪ್ಪಿ ರೆಸಿಡೆಂಟರ 1040 ತುಂಬಿ ಕಳಿಸುವುದು ಇವರಲ್ಲಿ ಹೆಚ್ಚು. ಇವರ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿಯ ಶೇ. 6.2, ಮೆಡಿಕೇರಿನ ಶೇ. 1.45 ಹಿಡಿದಿದ್ದರೆ ಅದೂ ತಪ್ಪು. ಮೊದಲು ಕಂಪನಿಯಿಂದ ಕೇಳಿ, ಕೊಡದಿದ್ದರೆ ಫಾರ್ಮ್ 843 ಹಾಕಿ ವಾಪಸು ಪಡೆಯಬೇಕು.

ನನ್ನ 175 ದಿನಕ್ಕೆ ಎರಡು ದಾರಿ ಇದ್ದವು. ಒಂದು, ನಾನ್‌ರೆಸಿಡೆಂಟ್ ಆಗಿಯೇ ಉಳಿದು 1040-ಎನ್‌ಆರ್ ಹಾಕುವುದು. ಊರಿನ ಆದಾಯ ಯಾವುದೂ ಬೇಡ, ಜುಲೈನಿಂದ ಡಿಸೆಂಬರಿನ ಅಮೆರಿಕದ ಸಂಬಳ ಸಾಕು. ಆದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಹೆಂಡತಿಯ ಜೊತೆ ಜಂಟಿ ರಿಟರ್ನ್ ಇಲ್ಲ. ಇನ್ನೊಂದು, ಮೊದಲ ವರ್ಷದ ಆಯ್ಕೆ. 2024ರಲ್ಲಿ ಸತತ 31 ದಿನ ಇದ್ದು, ಆ 31ರ ಮೊದಲ ದಿನದಿಂದ ವರ್ಷಾಂತ್ಯದವರೆಗಿನ ದಿನಗಳಲ್ಲಿ ಶೇ. 75 ಅಲ್ಲೇ ಇದ್ದು, 2025ರಲ್ಲಿ 183ರ ಪರೀಕ್ಷೆ ಪಾಸಾದರೆ 2024ರ ಜುಲೈ 10ರಿಂದಲೇ ರೆಸಿಡೆಂಟ್ ಆಗಬಹುದು. ಗಂಡ ಹೆಂಡತಿ ಇಬ್ಬರೂ ಹೀಗೆ ವರ್ಷದ ಕೊನೆಗೆ ರೆಸಿಡೆಂಟ್ ಆದರೆ ಅಮೆರಿಕದ ತೆರಿಗೆ ಕಾನೂನಿನ 6013(ಎಚ್) ಸೆಕ್ಷನ್ನಿನಡಿ ಇಡೀ ವರ್ಷಕ್ಕೆ ರೆಸಿಡೆಂಟ್ ಎಂದು ಬರೆದುಕೊಟ್ಟು ಜಂಟಿ ರಿಟರ್ನ್ ಹಾಕಬಹುದು. ಆಗ 2024ಕ್ಕೆ 29,200 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್. ಅದರ ಬೆಲೆ ಏನೆಂದರೆ, ಜನವರಿ 1ರಿಂದ ಪ್ರಪಂಚದ ಯಾವ ಮೂಲೆಯಲ್ಲಿ ಬಂದ ಆದಾಯವೂ ತೆರಿಗೆಗೆ ಬರುತ್ತದೆ. ಫೆಬ್ರವರಿಯಲ್ಲಿ ಮಾರಿದ ಕಾಫಿಯೂ ಬರುತ್ತದೆ.

'ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಮಾರಾಯ್ರೇ' ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಅದು ಭಾರತದ 1961ರ ಆದಾಯ ತೆರಿಗೆ ಕಾನೂನಿನ ಸೆಕ್ಷನ್ 10(1). ಅಮೆರಿಕದ ಕಾನೂನಿಗೆ ಅದರ ಹಂಗಿಲ್ಲ, ಅಲ್ಲಿ ರೆಸಿಡೆಂಟ್ ಆದವನಿಗೆ ಕಾಫಿ, ಮೆಣಸು, ಅಡಿಕೆ ಎಲ್ಲವೂ ಆದಾಯವೇ. ಇನ್ನೂ ಒಂದು ತೊಡಕಿದೆ. ಭಾರತದಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಮೆರಿಕದ ತೆರಿಗೆಯಲ್ಲಿ ಕಳೆಯಲು ಕಾಫಿಯ ಹೆಸರಿನಲ್ಲಿ ಕ್ರೆಡಿಟ್ ಹುಟ್ಟುವುದಿಲ್ಲ. ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿಯನ್ನೋ, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟನ್ನೋ ಹಾಗೇ ಮಾರುವ ಬೆಳೆಗಾರರಿಗೆ ಇದು ಪೂರ್ತಿ ಅನ್ವಯ. ತಾವೇ ಕ್ಯೂರಿಂಗ್ (ಹೊಟ್ಟು ಬಿಡಿಸಿ ಬೀಜ ವಿಂಗಡಿಸುವುದು) ಮಾಡಿಸಿ ಮಾರುವವರಿಗೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಭಾರತದಲ್ಲಿ ಶೇ. 25 ಭಾಗಕ್ಕೆ ತೆರಿಗೆ ಇದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗಕ್ಕೆ. ಅವರಿಗೆ ಕ್ರೆಡಿಟ್ ಆ ಕಟ್ಟಿದ ತೆರಿಗೆಯಷ್ಟೇ.

ಹಾಗಾಗಿ ಎರಡೂ ದಾರಿಯನ್ನು ಕಾಗದದ ಮೇಲೆ ಹಾಕಿ ನೋಡದೆ ಯಾವುದನ್ನೂ ಆರಿಸಬಾರದು. ಅಮೆರಿಕದ ಸಂಬಳ 55,000 ಡಾಲರ್ ಎಂದಿಟ್ಟುಕೊಳ್ಳಿ. ನಾನ್‌ರೆಸಿಡೆಂಟ್ ದಾರಿಯಲ್ಲಿ ಕಳೆಯಲು ಏನೂ ಇಲ್ಲದೆ, ಮದುವೆಯಾದವರು ಬೇರೆ ಬೇರೆ ಹಾಕುವ ದರದಲ್ಲಿ ತೆರಿಗೆ 7,153 ಡಾಲರ್. ಜಂಟಿ ದಾರಿಯಲ್ಲಿ ಜನವರಿಯಿಂದ ಜುಲೈವರೆಗಿನ ಭಾರತದ ಸಂಬಳ 9 ಲಕ್ಷ ರೂಪಾಯಿ, ಎಫ್‌ಡಿ ಬಡ್ಡಿ 60 ಸಾವಿರ, ತೋಟದ ನಿವ್ವಳ 4 ಲಕ್ಷ ಸೇರಿಸಬೇಕು. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಪ್ರಕಟಿಸಿದ 2024ರ ಸರಾಸರಿ ದರ ಡಾಲರಿಗೆ 83.677 ರೂಪಾಯಿ, ಆ ಲೆಕ್ಕದಲ್ಲಿ ಇವು ಸುಮಾರು 16,253 ಡಾಲರ್. ಒಟ್ಟು 71,253ರಲ್ಲಿ 29,200 ಕಳೆದರೆ 42,053, ಅದಕ್ಕೆ ತೆರಿಗೆ 4,582. ಭಾರತದಲ್ಲಿ ಸಂಬಳಕ್ಕೆ ಕಟ್ಟಿದ ತೆರಿಗೆಯ ಕ್ರೆಡಿಟ್ ಕಳೆಯುವ ಮೊದಲೇ ಎರಡೂವರೆ ಸಾವಿರ ಡಾಲರ್ ಉಳಿತಾಯ. ಇದೇ ಲೆಕ್ಕದಲ್ಲಿ ತೋಟದ ನಿವ್ವಳ 22 ಲಕ್ಷ ರೂಪಾಯಿಯ ಹತ್ತಿರ ಬಂದರೆ ಎರಡೂ ದಾರಿ ಸಮ. ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ದೊಡ್ಡ ತೋಟದವರಿಗೆ ಜಂಟಿ ರಿಟರ್ನ್ ನಷ್ಟವಾಗುವುದು ಹೀಗೆ. ಸಹೋದ್ಯೋಗಿ ಮಾಡಿದ್ದನ್ನು ನೋಡಿ ಮಾಡಬೇಡಿ, ಅವನಿಗೆ ತೋಟ ಇರುವುದಿಲ್ಲ.

ಮಧ್ಯದಲ್ಲಿ ಮೂರನೆಯ ದಾರಿಯೊಂದಿದೆ, ಡ್ಯುಯಲ್ ಸ್ಟೇಟಸ್. ಜುಲೈ 9ರವರೆಗೆ ನಾನ್‌ರೆಸಿಡೆಂಟ್, ಆಮೇಲೆ ರೆಸಿಡೆಂಟ್. ಫೆಬ್ರವರಿಯ ಕಾಫಿ ತಪ್ಪುತ್ತದೆ, ಆದರೆ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಜಂಟಿ ರಿಟರ್ನೂ ತಪ್ಪುತ್ತವೆ. ರೆಸಿಡೆಂಟ್ ಪಾಲಿಗೆ 1040, ಅದರ ಜೊತೆ ಹೇಳಿಕೆಯಾಗಿ 1040-ಎನ್‌ಆರ್, ಅದೂ ಕಾಗದದಲ್ಲಿ ಅಂಚೆಗೆ ಹಾಕಬೇಕು. ನನಗಂತೂ ಇದರಲ್ಲಿ ಏನೂ ಗಿಟ್ಟಲಿಲ್ಲ.

ಇನ್ನು ಊರಿನ ಕಾಗದ. ಇಲ್ಲಿಯೇ ಹೆಚ್ಚು ದಿನ ಹೋಗುತ್ತದೆ.

ಮೊದಲ ಪ್ರಶ್ನೆ, ಆದಾಯ ಯಾರದ್ದು? ಪಹಣಿಯ 9ನೇ ಕಾಲಂ ತೆಗೆದು ನೋಡಿ. ಅಪ್ಪನ ಹೆಸರೊಂದೇ ಇದ್ದು, ಅಪ್ಪನೇ ನಡೆಸಿ, ಅಪ್ಪನ ಖಾತೆಗೇ ಹಣ ಬಂದರೆ ಅದು ಅಪ್ಪನ ಆದಾಯ. ಅವರು ನಮಗೆ ಕಳಿಸಿದರೆ ಉಡುಗೊರೆ, ಅದಕ್ಕೆ ನಾವು ತೆರಿಗೆ ಕಟ್ಟಬೇಕಿಲ್ಲ. ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಿದರೆ ಮಾತ್ರ ಫಾರ್ಮ್ 3520ರಲ್ಲಿ ತಿಳಿಸಬೇಕು. ಪಾಲುಪಟ್ಟಿಯಾಗಿ ನಮ್ಮ ಹೆಸರಿಗೆ ಬಂದ ತೋಟವನ್ನು ಅಪ್ಪ ನೋಡಿಕೊಂಡರೂ ಆದಾಯ ನಮ್ಮದೇ. ಕಷ್ಟ ಇರುವುದು ಪೌತಿ ಖಾತೆ ಆಗದೆ ಇನ್ನೂ ಅಜ್ಜನ ಹೆಸರಲ್ಲೇ ಇರುವ, ಬಾಯಿಮಾತಿನಲ್ಲಿ ಪಾಲಾದ ತೋಟಗಳಲ್ಲಿ. ಅಂಥವರು ವಿಮಾನ ಹತ್ತುವ ಮೊದಲೇ ಯಾರ ಪಾಲು ಎಷ್ಟು ಎಂದು ಕಾಗದಕ್ಕೆ ಇಳಿಸಿಕೊಳ್ಳುವುದು ವಾಸಿ. ಅವಿಭಕ್ತ ಕುಟುಂಬ ಎಂಬ ಹೆಸರಿನ ಕಾಲಂ ಅಮೆರಿಕದ ಫಾರ್ಮುಗಳಲ್ಲಿ ಇಲ್ಲ.

ಎರಡನೆಯದು ವರ್ಷ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚಿನವರೆಗೆ, ಆದರೆ ಖರ್ಚು ಹಿಂದಿನ ವರ್ಷದ್ದು. ನಗದು ಪದ್ಧತಿಯಲ್ಲಿ ಹಣ ಕೈಗೆ ಬಂದ ದಿನ ಆದಾಯ, ಕೊಟ್ಟ ದಿನ ಖರ್ಚು. ಹಾಗಾಗಿ ಆಡಿಟರ್ ಮಾಡಿಕೊಟ್ಟ ಮಾರ್ಚಿನ ಲೆಕ್ಕವನ್ನು ಬದಿಗಿಟ್ಟು, ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕ, ಮಾರಾಟದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ತಿಂಗಳುವಾರು ಹೊಸ ಪಟ್ಟಿ ಬರೆದೆ. ಕೊಯ್ಲಿನ ಕೂಲಿ, ಗೊಬ್ಬರ, ಬೋರ್ಡೋ ಸಿಂಪರಣೆ, ಮರಗಸಿ, ಹೂವಿನ ನೀರಿಗೆ ಸ್ಪ್ರಿಂಕ್ಲರ್ ಡೀಸೆಲ್, ಬೆಳೆಸಾಲದ ಬಡ್ಡಿ, ಇವು ರಿಟರ್ನಿನ ಕೃಷಿ ಲೆಕ್ಕದ ಹಾಳೆಯಾದ ಶೆಡ್ಯೂಲ್ ಎಫ್‌ನಲ್ಲಿ ಕಳೆಯುತ್ತವೆ. ಸಾಲದ ಅಸಲು ಕಳೆಯುವುದಿಲ್ಲ. ರೈಟರ ಪುಸ್ತಕದಲ್ಲಿ ಮನೆ ದಿನಸಿ, ಮದುವೆ ಮುಯ್ಯಿ, ದೇವಸ್ಥಾನದ ಚಂದಾ ಎಲ್ಲ ಒಂದೇ ಸಾಲಿನಲ್ಲಿರುತ್ತವೆ, ಅವನ್ನು ಹೆಕ್ಕಿ ತೆಗೆಯಬೇಕು. ಕೂಲಿಗೆ ವಾರದ ಚೆಕ್ ರೋಲಿನ (ಹಾಜರಿ-ಕೂಲಿ ಪಟ್ಟಿ) ಫೋಟೊ ತೆಗೆದಿಟ್ಟರೆ ಮುಂದೆ ಕೇಳಿದಾಗ ತೋರಿಸಲು ಆಗುತ್ತದೆ. ರೆಸಿಡೆಂಟ್ ಆದ ಮೇಲಿನ ವರ್ಷಗಳಲ್ಲಿ ತೋಟವನ್ನು ಸ್ವಂತ ವ್ಯವಹಾರವಾಗಿ ನಡೆಸಿದರೆ, ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದಾಗಿನಿಂದ ಶೇ. 15.3ರ ಸ್ವ-ಉದ್ಯೋಗ ತೆರಿಗೆಯೂ ಸೇರುತ್ತದೆ. ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದಿರುವುದರಿಂದ ಅದನ್ನು ತಪ್ಪಿಸಲು ಬರುವುದಿಲ್ಲ.

ಸಂಬಳಕ್ಕೆ ಫಾರ್ಮ್ 16 ಉಪಯೋಗಕ್ಕೆ ಬರುವುದಿಲ್ಲ, ಅದೂ ಮಾರ್ಚಿನದ್ದು. ತಿಂಗಳ ಪೇಸ್ಲಿಪ್ಪುಗಳನ್ನು ಕಂಪನಿ ಬಿಡುವ ಮೊದಲೇ ಇಳಿಸಿಕೊಳ್ಳಿ, ಬಿಟ್ಟ ಮೇಲೆ ಲಾಗಿನ್ ಮುಚ್ಚುತ್ತಾರೆ. ಜನವರಿಯಿಂದ ಮಾರ್ಚಿನ ಟಿಡಿಎಸ್ ಒಂದು ಹಣಕಾಸು ವರ್ಷದ್ದು, ಏಪ್ರಿಲ್‌ನಿಂದ ಜುಲೈನದ್ದು ಇನ್ನೊಂದರದ್ದು. ಎರಡನ್ನೂ ಕೂಡಿಸಿ, ಭಾರತದಲ್ಲಿ ರೀಫಂಡ್ ಬರುವ ಭಾಗ ಬಿಟ್ಟು, ಉಳಿದದ್ದನ್ನು ಮಾತ್ರ ವಿದೇಶದಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಕೇಳುವ ಫಾರ್ಮ್ 1116ರಲ್ಲಿ ಹಾಕಬೇಕು. ನನ್ನ ಭಾರತದ ರಿಟರ್ನಿನಲ್ಲಿ 2024-25ಕ್ಕೆ ಊರಲ್ಲಿದ್ದದ್ದು ಜುಲೈ 10ರವರೆಗೆ 101 ದಿನ. ಕೆಲಸಕ್ಕೆಂದು ಹೊರಟ ಭಾರತೀಯನಿಗೆ ಗೆರೆ 182 ದಿನವಾದ್ದರಿಂದ ಅಲ್ಲಿ ನಾನು ಅನಿವಾಸಿ, ಐಟಿಆರ್-1 ಹಾಕುವಂತಿಲ್ಲ, ಐಟಿಆರ್-2 ಹಾಕಬೇಕು.

ಬಡ್ಡಿಯ ವಿಷಯದಲ್ಲಿ ಹಣ ಸುಮ್ಮನೆ ಸೋರಿ ಹೋಗುತ್ತದೆ. ಊರಿನ ಖಾತೆ ಅನಿವಾಸಿಗಳ ಎನ್‌ಆರ್‌ಒ ಖಾತೆ ಆದ ಮೇಲೆ ಬ್ಯಾಂಕ್ ಶೇ. 31.2 ಹಿಡಿಯುತ್ತದೆ. ಒಪ್ಪಂದದ 11ನೇ ವಿಧಿ ಪ್ರಕಾರ ನಮ್ಮಂಥವರ ಬಡ್ಡಿಗೆ ಭಾರತ ತೆಗೆದುಕೊಳ್ಳಬಹುದಾದದ್ದು ಶೇ. 15. ಅಮೆರಿಕ ಕ್ರೆಡಿಟ್ ಕೊಡುವುದೂ ಆ 15ರ ಮಟ್ಟಿಗೇ. ಉಳಿದದ್ದನ್ನು ಭಾರತದಿಂದಲೇ ವಾಪಸು ಕೇಳಬೇಕು, ಅದಕ್ಕೆ ಐಆರ್‌ಎಸ್‌ನ ನಿವಾಸ ಪ್ರಮಾಣಪತ್ರ ಫಾರ್ಮ್ 6166 ಬೇಕು. ಫಾರ್ಮ್ 8802ರಲ್ಲಿ ಅರ್ಜಿ ಹಾಕಬೇಕು, ಶುಲ್ಕ 85 ಡಾಲರ್. ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ರೂಪಾಯಿ ಬಡ್ಡಿ ಬರುವವರಿಗೆ ಇದು ಗೋಣಿಗಿಂತ ದಾರ ಭಾರ. ವಿದೇಶದ ಸಂಪಾದನೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಮ್ಯೂಚುವಲ್ ಫಂಡುಗಳನ್ನು ರೆಸಿಡೆಂಟ್ ಆಗುವ ಮೊದಲೇ ಮಾರಿ ಮುಗಿಸಿ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ದೃಷ್ಟಿಯಲ್ಲಿ ಅವು ಪಿಎಫ್‌ಐಸಿ, ಅಂದರೆ ನಿಷ್ಕ್ರಿಯ ವಿದೇಶಿ ಹೂಡಿಕೆ ಕಂಪನಿಗಳು. ವರ್ಷಾಂತ್ಯಕ್ಕೆ ಎಲ್ಲ ಸೇರಿ 25,000 ಡಾಲರಿನೊಳಗಿದ್ದು, ಜಂಟಿಯಾದರೆ 50,000ದೊಳಗಿದ್ದು, ಮಾರದೆ, ಡಿವಿಡೆಂಡ್ ಬಾರದೆ ಇದ್ದರೆ ಸರಿ. ಇಲ್ಲವಾದರೆ ಫಂಡಿಗೊಂದರಂತೆ ಫಾರ್ಮ್ 8621.

ರಿಟರ್ನಿನ ಜೊತೆ ಹೋಗದ, ವಿದೇಶಿ ಖಾತೆಗಳ ವರದಿಯಾದ ಎಫ್‌ಬಿಎಆರ್ ಅನ್ನು ಮರೆಯುವವರು ಬಹಳ. ಊರಿನ ಎಲ್ಲ ಖಾತೆಗಳ ಗರಿಷ್ಠ ಮೊತ್ತ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಫಿನ್‌ಸೆನ್ ಫಾರ್ಮ್ 114 ಆನ್‌ಲೈನಿನಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಗಡುವು ಏಪ್ರಿಲ್ 15, ಕೇಳದೆಯೇ ಅಕ್ಟೋಬರ್ 15ರವರೆಗೆ ವಿಸ್ತರಣೆ. ಅಮ್ಮನ ಜೊತೆಗಿನ ಜಂಟಿ ಎಫ್‌ಡಿಯಲ್ಲಿ ನಮ್ಮ ಹೆಸರು ಎರಡನೆಯದಾಗಿದ್ದರೂ ಪೂರ್ತಿ ಮೊತ್ತ ತೋರಿಸಬೇಕು. ಇದಕ್ಕೆ ಸರಾಸರಿ ದರ ಅಲ್ಲ, ಅಮೆರಿಕದ ಖಜಾನೆಯ ಡಿಸೆಂಬರ್ 31ರ ದರ.

ಕಳಿಸುವ ಕ್ರಮದಲ್ಲಿ ದಿನಾಂಕವೇ ಮುಖ್ಯ. ಮೊದಲ ವರ್ಷದ ಆಯ್ಕೆಯನ್ನು 2025ರ ಪರೀಕ್ಷೆ ಪಾಸಾದ ಮೇಲೆಯೇ ಮಾಡಬೇಕು. 2024ರ 175ರ ಮೂರನೇ ಒಂದು ಪಾಲು 58.33, ಇನ್ನು 125 ದಿನ ಬೇಕು, ಅಂದರೆ 2025ರ ಮೇ 5. ಏಪ್ರಿಲ್ 15 ಅದಕ್ಕಿಂತ ಮೊದಲೇ ಬರುತ್ತದೆ. ಹಾಗಾಗಿ ಫಾರ್ಮ್ 4868 ಹಾಕಿ ಅಕ್ಟೋಬರ್ 15ರವರೆಗೆ ಸಮಯ ತೆಗೆದುಕೊಂಡೆ. ಸಮಯ ಸಿಗುವುದು ಫಾರ್ಮಿಗೆ, ಹಣಕ್ಕಲ್ಲ; ಬಾಕಿ ಬೀಳುವ ಅಂದಾಜಿದ್ದರೆ ಏಪ್ರಿಲ್ 15ಕ್ಕೇ ಕಟ್ಟಬೇಕು. ಶೇ. 75ರ ಲೆಕ್ಕ ಹೆಂಡತಿಗೂ ಬೇರೆಯಾಗಿ ಆಗಬೇಕು. 175ರಲ್ಲಿ 132 ದಿನ ಇರಬೇಕು, ಇಲ್ಲದ 5 ದಿನಗಳನ್ನು ಇದ್ದಂತೆ ಎಣಿಸಿಕೊಳ್ಳಬಹುದು. ಬಾಣಂತನಕ್ಕೋ ತಂಗಿಯ ಮದುವೆಗೋ ಎರಡು ತಿಂಗಳು ಸಕಲೇಶಪುರಕ್ಕೆ ಹೋಗಿ ಕೂತರೆ ಅವರ ಆಯ್ಕೆ ಕೈತಪ್ಪಬಹುದು. ಆಗ ಗಂಡನೊಬ್ಬ ರೆಸಿಡೆಂಟ್ ಆಗಿ, 6013(ಜಿ) ಅಡಿ ನಾನ್‌ರೆಸಿಡೆಂಟ್ ಹೆಂಡತಿಯನ್ನು ಸೇರಿಸಿಕೊಳ್ಳಬೇಕು.

ಎಚ್-4ರವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ತೆರಿಗೆಗೆಂದೇ ಐಆರ್‌ಎಸ್ ಕೊಡುವ ನಂಬರ್ ಐಟಿಐಎನ್ ಬೇಕು. ಡಬ್ಲ್ಯು-7 ಅರ್ಜಿಯನ್ನು ರಿಟರ್ನಿನ ಮೇಲಿಟ್ಟು ಕಾಗದದಲ್ಲೇ ಆಸ್ಟಿನ್‌ಗೆ ಕಳಿಸಬೇಕು. ಮೂಲ ಪಾಸ್‌ಪೋರ್ಟನ್ನು ಅಂಚೆಗೆ ಹಾಕಬೇಡಿ. ಐಆರ್‌ಎಸ್‌ನ ಸ್ಥಳೀಯ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ ನೋಡಿ ಅಲ್ಲೇ ವಾಪಸು ಕೊಡುತ್ತಾರೆ. ಇಬ್ಬರೂ ಸಹಿ ಹಾಕಿದ ಹೇಳಿಕೆ ಒಳಗಿರಬೇಕು: 2023ರಲ್ಲಿ ರೆಸಿಡೆಂಟ್ ಆಗಿರಲಿಲ್ಲ, 2025ರಲ್ಲಿ ಆಗಿದ್ದೇವೆ, 31 ದಿನ ಯಾವುದರಿಂದ ಯಾವುದಕ್ಕೆ, ಇಡೀ ವರ್ಷಕ್ಕೆ ರೆಸಿಡೆಂಟ್ ಎಂದು ಆರಿಸಿದ್ದೇವೆ. ಈ ಹಾಳೆ ಇಲ್ಲದಿದ್ದರೆ ಜಂಟಿ ರಿಟರ್ನಿಗೆ ಆಧಾರವೇ ಇಲ್ಲ.

ಹೆಸರಿನ ಗೋಳು ನಮ್ಮವರಿಗೆ ವಿಶೇಷ. ಇನಿಷಿಯಲ್ ಬಿಡಿಸಿದಾಗ ಊರಿನ ಹೆಸರೋ ಅಪ್ಪನ ಹೆಸರೋ ಕೊನೆಯ ಹೆಸರಾಗುತ್ತದೆ, ಒಂದೊಂದು ಕಾಗದದಲ್ಲಿ ಒಂದೊಂದು ಥರ. ಐಆರ್‌ಎಸ್ ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ತಾಳೆ ನೋಡುತ್ತದೆ, ಹೊಂದದಿದ್ದರೆ ಇ-ಫೈಲ್ ವಾಪಸಾಗುತ್ತದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಕಂಪನಿ ಕೊಡುವ ವರ್ಷದ ಸಂಬಳಪತ್ರ ಡಬ್ಲ್ಯು-2ರಲ್ಲಿ ಬೇರೆ ಇದ್ದರೆ ಜನವರಿಯೊಳಗೇ ಕಂಪನಿಗೆ ಹೇಳಿ ಸರಿ ಮಾಡಿಸಿ.

ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆ ಕೆಲಸ ನನಗೆ ತಪ್ಪಿತು. ಕ್ಯಾಲಿಫೋರ್ನಿಯಾದಂಥ ರಾಜ್ಯಕ್ಕೆ ಬಂದವರು ವರ್ಷದ ಒಂದು ಭಾಗ ಮಾತ್ರ ಅಲ್ಲಿದ್ದವರ ರಿಟರ್ನ್ ಬೇರೆ ಹಾಕಬೇಕು, ಭಾರತದ ಜೊತೆಗಿನ ಒಪ್ಪಂದವನ್ನು ಆ ರಾಜ್ಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2025ರ ರಿಟರ್ನಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಜಂಟಿಗೆ 31,500, ಒಬ್ಬರಿಗೆ 15,750 ಆಗಿದೆ. ಮೇಲಿನ ಲೆಕ್ಕವನ್ನು ಆ ಅಂಕಿಯಿಂದ ಮತ್ತೆ ಹಾಕಿಕೊಳ್ಳಿ.